ದಿನಕ್ಕೆ ಎರಡಾಣೆ: ಕರಾವಳಿಯ ಬ್ಯಾಂಕುಗಳು ಬೆಳೆದ ಬಗೆ

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಬಾಗಿಲು ತೆರೆದ ಒಂದು ಬ್ಯಾಂಕಿನ ಗಲ್ಲಾದಲ್ಲಿ ಆ ದಿನದ ಕೊನೆಗೆ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದರಿಂದಲೇ ಈ ಲೆಕ್ಕ ಇವತ್ತಿನವರೆಗೂ ಉಳಿದಿದೆ. ಸಂಸ್ಥೆಯ ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ಸ್ಥಾಪಕರು ಊರಿನ ವರ್ತಕ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಆರಂಭದ ಬಂಡವಾಳ 5,000 ರೂಪಾಯಿ. ಜಾತಿಮತದ ಭೇದವಿಲ್ಲದೆ ಎಲ್ಲರಿಗೂ ಉಳಿತಾಯದ ರೂಢಿ ಹಚ್ಚಬೇಕು, ಜನ ಒಬ್ಬರಿಗೊಬ್ಬರು ಹೆಗಲು ಕೊಡುವುದನ್ನು ಕಲಿಯಬೇಕು ಎಂಬುದು ಸಾಹೇಬರ ಉದ್ದೇಶವಾಗಿತ್ತು. ಸ್ವದೇಶಿ ಚಳವಳಿಯ ಬಿಸಿ ಬಂಗಾಳದಿಂದ ಕರಾವಳಿಯವರೆಗೂ ಬಂದಿದ್ದ ಕಾಲ ಅದು.

ನಾಲ್ಕು ತಿಂಗಳೂ ಕಳೆದಿರಲಿಲ್ಲ, ಜುಲೈ 1ರಂದು ಮಂಗಳೂರಿನಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಅದಕ್ಕಿಟ್ಟ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಅವರು 1891ರಲ್ಲಿ ಕೆನರಾ ಹೈಸ್ಕೂಲನ್ನೂ ಆಮೇಲೆ ಹೆಣ್ಣುಮಕ್ಕಳ ಶಾಲೆಯನ್ನೂ ಕಟ್ಟಿದ್ದವರು. ಫಂಡು ಹುಟ್ಟಿದ 1906ರ ಅಕ್ಟೋಬರಿನಲ್ಲೇ ಮದರಾಸಿನ ಆರ್ಬುತ್‌ನಾಟ್ ಕಂಪನಿ ದಿವಾಳಿಯೆದ್ದು ದಕ್ಷಿಣ ಭಾರತದ ಸಾವಿರಾರು ಮಂದಿಯ ಉಳಿತಾಯ ಮುಳುಗಿಹೋಯಿತು. ದೊಡ್ಡ ದೊರೆಗಳ ಕಂಪನಿಯೇ ಮಗುಚಿಕೊಂಡಿದ್ದನ್ನು ಕಂಡ ಜನ ಮಂಗಳೂರಿನ ವಕೀಲರೊಬ್ಬರ ಮೂರು ತಿಂಗಳ ಕೂಸಿನಂಥ ಫಂಡನ್ನು ನಂಬಬೇಕಿತ್ತು. ನಂಬಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅದನ್ನು ನೋಡಲು ಸುಬ್ಬರಾವ್ ಪೈಗಳು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಂದರೆ ಉಡುಪಿ, ಮಂಗಳೂರು ಎರಡೂ ಸೇರಿದ್ದ ಅಂದಿನ ಈ ಜಿಲ್ಲೆಗೆ ರೈಲಿಗಿಂತ ಮೊದಲು ಬಂದದ್ದು ಬ್ಯಾಂಕು. ಮಂಗಳೂರಿನಿಂದ ಉಡುಪಿಗೆ ಹೋಗಬೇಕಾದರೆ ದಾರಿಯುದ್ದಕ್ಕೂ ಹೊಳೆಗಳಿಗೆ ದೋಣಿ ಹತ್ತಿ ಇಳಿಯಬೇಕಾಗಿದ್ದ ದಿನಗಳವು. ಮದರಾಸು ಪ್ರಾಂತ್ಯದ ಪಶ್ಚಿಮ ತುದಿಯಲ್ಲಿ, ರಾಜಧಾನಿಯಿಂದ ದೂರ ಬಿದ್ದಿದ್ದ, ಮಳೆಗಾಲವಿಡೀ ಸಮುದ್ರ ಮುಚ್ಚಿರುತ್ತಿದ್ದ ಇಂಥ ಜಿಲ್ಲೆಯಲ್ಲಿ 1880ರಿಂದ 1935ರ ನಡುವೆ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕುಗಳು ಹುಟ್ಟಿದವು. ಈ ಮಾತು ಬಂದಾಗ ಕರಾವಳಿಯವರ ವ್ಯಾಪಾರದ ಬುದ್ಧಿಯನ್ನು ಹೊಗಳಿ ಮುಂದೆ ಹೋಗುವ ವಾಡಿಕೆ ಇದೆ. ಬುದ್ಧಿ ಎಲ್ಲ ಊರಲ್ಲೂ ಇತ್ತು. ಇಲ್ಲಿ ಒಂದು ತೊಡಕೂ ಜೊತೆಗಿತ್ತು.

ದುಡ್ಡು ಜಿಲ್ಲೆಯೊಳಗೆ ಓಡಾಡುತ್ತಿರಲಿಲ್ಲವೆಂದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿಯ ದಂಡೆಯ ಜೇಡಿಮಣ್ಣು ಹೊರದೇಶಗಳಿಗೂ ಹೋಗತೊಡಗಿತ್ತು. ಘಟ್ಟದ ಮೇಲಿಂದ ಕಾಫಿ, ಒಳನಾಡಿನಿಂದ ಅಕ್ಕಿ, ಅಡಿಕೆ, ಮೆಣಸು ಬಂದರಿಗೆ ಇಳಿಯುತ್ತಿದ್ದವು. ಆದರೆ ಮದರಾಸಿನ ದೊಡ್ಡ ಬ್ಯಾಂಕಿನ ಮಂಗಳೂರು ಶಾಖೆ ಸಾಲ ಕೊಡುತ್ತಿದ್ದುದು ಹಡಗು ತುಂಬಿಸುವ ಯುರೋಪಿಯನ್ ಕಂಪನಿಗಳಿಗೆ. ಚಿಲ್ಲರೆ ಅಂಗಡಿಯವನಿಗೆ, ಮಗ್ಗದವನಿಗೆ, ಹೋಟೆಲಿಡಲು ಹೊರಟ ಹುಡುಗನಿಗೆ ಅಲ್ಲಿ ಬಾಗಿಲಿರಲಿಲ್ಲ. ಅವರಿಗಿದ್ದದ್ದು ಸಾಹುಕಾರ, ಇಲ್ಲವೇ ನಾಲ್ಕು ಜನ ಸೇರಿ ನಡೆಸುವ ಕುರಿಚೀಟಿ. ಸಾಹುಕಾರ ಬಡ್ಡಿಯ ಮೇಲೆ ಬಡ್ಡಿ ಹಾಕುತ್ತಿದ್ದ, ಅದು ಎಲ್ಲರೂ ಬಲ್ಲ ದೂರು. ಇನ್ನೊಂದು ವಿಷಯ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಹತ್ತು ವರ್ಷ ತಪ್ಪದೆ ಸಾಲ ತೀರಿಸಿದವನ ಹೆಸರು ಆ ಸಾಹುಕಾರನ ಬುಕ್ಕಿನಾಚೆ ಎಲ್ಲೂ ದಾಖಲಾಗುತ್ತಿರಲಿಲ್ಲ. ಪಕ್ಕದ ಊರಿಗೆ ಹೋದರೆ ಅವನು ಮತ್ತೆ ಅಪರಿಚಿತ. ಕರಾವಳಿಯ ಬ್ಯಾಂಕುಗಳ ಕಥೆಯೆಂದರೆ ಈ ಅಪರಿಚಿತನನ್ನು ಸಾಲಕ್ಕೆ ಯೋಗ್ಯನೆಂದು ತೋರಿಸಿಕೊಡುವ ದಾರಿಗಳನ್ನು ಹುಡುಕಿದ ಕಥೆ.

ಮೊದಲ ದಾರಿ ಜಾತಿ. ಇದನ್ನು ಮುಚ್ಚಿಟ್ಟು ಈ ಚರಿತ್ರೆ ಬರೆಯಲಾಗದು. ಕೆನರಾ ಫಂಡಿನ ಸುತ್ತ ಗೌಡ ಸಾರಸ್ವತರಿದ್ದರು. 1924ರ ಫೆಬ್ರವರಿ 18ರಂದು ನೋಂದಣಿಯಾದ ಕರ್ನಾಟಕ ಬ್ಯಾಂಕಿನ ಹಿಂದೆ ಬಿ.ಆರ್. ವ್ಯಾಸರಾಯಾಚಾರ್ ಮತ್ತು ಅವರ ಸುತ್ತಲಿನ ಬ್ರಾಹ್ಮಣ ವಕೀಲರು, ವರ್ತಕರು ನಿಂತಿದ್ದರು. 1925ರಲ್ಲಿ ಮಂಗಳೂರಿನ ಕ್ರೈಸ್ತರು ಕ್ಯಾಥೊಲಿಕ್ ಬ್ಯಾಂಕ್ ಕಟ್ಟಿದರು. 1931ರ ಅಕ್ಟೋಬರ್ 23ರಂದು, ವಿಜಯದಶಮಿಯ ಹೊತ್ತಿಗೆ, ಅತ್ತಾವರ ಬಾಲಕೃಷ್ಣ ಶೆಟ್ಟರು ಬಂಟ ಕೃಷಿಕರನ್ನು ಒಟ್ಟುಗೂಡಿಸಿ ವಿಜಯಾ ಬ್ಯಾಂಕ್ ಆರಂಭಿಸಿದರು. ಸ್ವಜಾತಿಯವರು ಷೇರು ತೆಗೆದುಕೊಳ್ಳುತ್ತಿದ್ದರು, ಠೇವಣಿ ಇಡುತ್ತಿದ್ದರು. ಸಾಲ ಕೇಳಲು ಬಂದವನ ಅಪ್ಪ ಯಾರು, ಅಜ್ಜ ಯಾರು ಎಂಬುದು ಡೈರೆಕ್ಟರುಗಳಿಗೆ ಬಾಯಿಪಾಠವಾಗಿತ್ತು. ಸಾಲ ಮುಳುಗಿಸಿದವನಿಗೆ ಮದುವೆ ಮುಂಜಿಗಳಲ್ಲಿ ಮುಖವೆತ್ತಿ ನಡೆಯಲಾಗುತ್ತಿರಲಿಲ್ಲ. ಕೋರ್ಟಿಗಿಂತ ದೊಡ್ಡ ಹೆದರಿಕೆ ಅದು. ಈ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು, ಒಳಗಿದ್ದವರ ಮಟ್ಟಿಗೆ. ಬ್ಯಾಂಕು ಕಟ್ಟುವಷ್ಟು ಬಂಡವಾಳವಿಲ್ಲದ ಮೊಗವೀರ, ಬಿಲ್ಲವ, ಕೊರಗ ಮನೆಗಳವರಿಗೆ ಮೊದಲ ಕಾಲು ಶತಮಾನದಲ್ಲಿ ಇದರಿಂದ ದಕ್ಕಿದ್ದು ಅತ್ಯಲ್ಪ.

ಎರಡನೆಯ ದಾರಿ ತೆರೆದದ್ದು ಉಡುಪಿಯಲ್ಲಿ, ನೇಕಾರರ ಸಂಕಟದಿಂದ. ಇಪ್ಪತ್ತರ ದಶಕದ ನಡುವೆ ಕೈಮಗ್ಗದ ಬಟ್ಟೆಗೆ ಬೇಡಿಕೆ ಕುಸಿದು ಸುತ್ತಲಿನ ಶೆಟ್ಟಿಗಾರರ ಮನೆಗಳಲ್ಲಿ ಮಗ್ಗಗಳು ನಿಂತವು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ, ವೈದ್ಯ ತೋನ್ಸೆ ಮಾಧವ ಅನಂತ ಪೈ ಈ ಮೂವರು ಸೇರಿ 1925ರಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಕಂಪನಿ ಹುಟ್ಟುಹಾಕಿದರು. ಹೆಸರಿನಲ್ಲಿ ಕೈಗಾರಿಕೆ ಮೊದಲು, ಬ್ಯಾಂಕು ಆಮೇಲೆ. ಮೂವರ ಕಸುಬು ಬೇರೆ ಬೇರೆಯಾಗಿದ್ದದ್ದು ಮುಂದಕ್ಕೆ ತುಂಬ ಅನುಕೂಲವಾಯಿತು. ವ್ಯಾಪಾರಿಗೆ ಮಾರುಕಟ್ಟೆ ಗೊತ್ತಿತ್ತು, ಇಂಜಿನಿಯರಿಗೆ ಯಂತ್ರ ಗೊತ್ತಿತ್ತು. ಡಾಕ್ಟರಿಗೆ ಗೊತ್ತಿದ್ದದ್ದು ಮನೆಗಳ ಒಳಗು: ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ದುಡಿಯುವ ಕೈ ಎಷ್ಟು, ಔಷಧಿಯ ದುಡ್ಡು ಕೊಡಲಾಗದವನು ಯಾರು, ಕೊಡಲು ಮನಸ್ಸಿಲ್ಲದವನು ಯಾರು.

1928ರಲ್ಲಿ ಈ ಸಂಸ್ಥೆ ತಂದದ್ದೇ ಪಿಗ್ಮಿ ಠೇವಣಿ.

ಅದು ನಡೆಯುತ್ತಿದ್ದ ರೀತಿಯನ್ನು ಹತ್ತಿರದಿಂದ ನೋಡಬೇಕು. ಮಗ್ಗದವನಿಗೋ ಮೀನು ಮಾರುವವಳಿಗೋ ತಿಂಗಳ ಸಂಬಳವಿಲ್ಲ. ಕೈಗೆ ಕಾಸು ಬರುವುದು ದಿನದಿನ, ಖರ್ಚಾಗುವುದೂ ದಿನದಿನ. ತಿಂಗಳ ಕೊನೆಗೆ ಬ್ಯಾಂಕಿಗೆ ಬಂದು ಕಟ್ಟು ಎಂದರೆ ಅಲ್ಲಿಯವರೆಗೆ ಆ ಕಾಸು ಉಳಿದಿರುವುದಿಲ್ಲ. ಆದ್ದರಿಂದ ಬ್ಯಾಂಕೇ ಮನೆಬಾಗಿಲಿಗೆ ಹೊರಟಿತು. ಪಿಗ್ಮಿ ಕಲೆಕ್ಟರ್ ಚೀಲ ನೇತುಹಾಕಿಕೊಂಡು ನಿತ್ಯ ಒಂದೇ ದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತಿದ್ದ. ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು, ಕಾರ್ಡಿನಲ್ಲಿ ಬರೆದು, ಸಹಿ ಹಾಕಿ ಮುಂದಿನ ಅಂಗಡಿಗೆ ನಡೆಯುತ್ತಿದ್ದ. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಒಂದು ದಿನ ಮಳೆಗೆ ವ್ಯಾಪಾರ ಆಗದಿದ್ದರೆ 'ನಾಳೆ ಬನ್ನಿ' ಎನ್ನಬಹುದಿತ್ತು. ನಾಲ್ಕು ದಿನ ಹಾಗೇ ಹೇಳಿದರೆ ಕಲೆಕ್ಟರಿಗೆ ತಾನಾಗಿ ತಿಳಿಯುತ್ತಿತ್ತು, ಈ ಅಂಗಡಿಯಲ್ಲಿ ಏನೋ ಸರಿಯಿಲ್ಲ.

ಈ ಕೊನೆಯ ಸಂಗತಿಯಲ್ಲೇ ಪಿಗ್ಮಿಯ ಜೀವವಿದೆ. ಸಣ್ಣ ಉಳಿತಾಯವನ್ನು ಒಟ್ಟುಗೂಡಿಸುವ ಜಾಣತನವೆಂದಷ್ಟೇ ಅದನ್ನು ಹೊಗಳುವವರು ಅರ್ಧ ಕಂಡಿದ್ದಾರೆ. ಎರಡು ವರ್ಷ ದಿನಾ ತುಂಬಿದ ಕಾರ್ಡೆಂದರೆ ಏಳುನೂರು ಸಾಕ್ಷಿಗಳು. ಜಾಮೀನು ಕೊಡಲು ಜಮೀನಿಲ್ಲದ, ಇಂಥವರ ಮಗ ಎನ್ನಲು ದೊಡ್ಡ ಮನೆತನವಿಲ್ಲದ ಒಬ್ಬ ಪಾನ್‌ಬೀಡಾ ಅಂಗಡಿಯವನು ಆ ಕಾರ್ಡು ಹಿಡಿದು ಸಾಲ ಕೇಳಬಹುದಿತ್ತು. ಮಳೆಗಾಲದಲ್ಲಿ ಅವನ ವ್ಯಾಪಾರ ಎಷ್ಟು ಇಳಿಯುತ್ತದೆ, ಅಷ್ಟಮಿಗೆ ಎಷ್ಟು ಏರುತ್ತದೆ ಎಂಬುದು ಬ್ಯಾಂಕಿಗೆ ಮೊದಲೇ ಗೊತ್ತು. ಕೊಟ್ಟ ಸಾಲದ ಕಂತನ್ನು ವಸೂಲು ಮಾಡುವವನೂ ಅದೇ ಕಲೆಕ್ಟರ್, ಅದೇ ದಾರಿಯಲ್ಲಿ. ಹೂಡಿಕೆದಾರನ ಮುಂದೆ ನಿಲ್ಲುವ ಮುನ್ನ ಮೂರು ವರ್ಷದ ಲೆಕ್ಕ ಸರಿಯಾಗಿಟ್ಟುಕೊಂಡಿರಬೇಕು ಎಂದು ಇಂದು ಸ್ಟಾರ್ಟಪ್ ಹುಡುಗರಿಗೆ ಪಾಠ ಹೇಳುವವರಿದ್ದಾರೆ. ಉಡುಪಿಯ ರಥಬೀದಿಯ ಆಸುಪಾಸಿನ ಅಂಗಡಿಗಳವರು ಆ ಪಾಠವನ್ನು ಫೀಸಿಲ್ಲದೆ, ಬಡ್ಡಿ ಸಮೇತ ಕಲಿತರು.

ಕಲೆಕ್ಟರಿನ ಪಾಡೇನು? ಅವನು ಬ್ಯಾಂಕಿನವನೂ ಹೌದು, ಅಲ್ಲವೂ ಹೌದು. ಕಮಿಷನ್ ಮೇಲೆ ದುಡಿಮೆ. ಸಂಬಳವಿಲ್ಲ, ಬಡ್ತಿಯಿಲ್ಲ, ಪಿಂಚಣಿಯಿಲ್ಲ. ಯಾರದೋ ನಂಬಿಕೆಯನ್ನು ದಿನಾ ಹೊತ್ತು ತಂದು ಬ್ಯಾಂಕಿನ ಕೌಂಟರಿನಲ್ಲಿ ಸುರಿದವನಿಗೆ ಆ ಕೌಂಟರಿನ ಒಳಗೆ ಕುರ್ಚಿಯಿರಲಿಲ್ಲ. ಈ ತಕರಾರು ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಯಿತು. 2001ರ ಫೆಬ್ರವರಿಯಲ್ಲಿ ಬಂದ ತೀರ್ಪು ಠೇವಣಿ ಸಂಗ್ರಹಿಸುವವರೂ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರೇ ಎಂದಿತು, ಅವರ ಕಮಿಷನ್ನೂ ಒಂದು ಬಗೆಯ ವೇತನವೆಂದಿತು. ಆದರೆ ಅವರನ್ನು ಕಾಯಂ ನೌಕರರ ಸಾಲಿಗೆ ಸೇರಿಸಲು ಒಪ್ಪಲಿಲ್ಲ. 1928ರಲ್ಲಿ ಶುರುವಾದ ಕೆಲಸಕ್ಕೆ ಕಾನೂನಿನಲ್ಲಿ ಒಂದು ಗುರುತು ಸಿಗಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಬ್ಯಾಂಕುಗಳ ಸ್ಮರಣಸಂಚಿಕೆಗಳಲ್ಲಿ ಸ್ಥಾಪಕರ ಭಾವಚಿತ್ರಗಳು ಎಷ್ಟೋ ಇವೆ. ಬಿಸಿಲಲ್ಲಿ ತಿರುಗಿದವರ ಭಾವಚಿತ್ರ ಹುಡುಕಿದರೂ ಸಿಗುವುದು ಕಷ್ಟ.

ಸಾಲವೊಂದೇ ಉದ್ಯಮವನ್ನು ಬೆಳೆಸುವುದಿಲ್ಲ. ಅಕ್ಕಪಕ್ಕದ ಉದ್ಯಮಗಳೂ ಬೇಕು. ಇದನ್ನು ಸಿಂಡಿಕೇಟಿನ ಸ್ಥಾಪಕರು ಪುಸ್ತಕ ಓದಿ ತಿಳಿದವರಲ್ಲ. ವಾಮನ ಕುಡ್ವರು ಬ್ಯಾಂಕಿಗಷ್ಟೇ ಅಂಟಿಕೊಳ್ಳದೆ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಕಟ್ಟಿ ಬಸ್ಸು, ಲಾರಿಗಳ ಸ್ಪ್ರಿಂಗ್ ತಯಾರಿಸಿದರು. 1941ರಲ್ಲಿ 'ನವಭಾರತ' ಎಂಬ ಕನ್ನಡ ದಿನಪತ್ರಿಕೆಯನ್ನೂ ಹೊರಡಿಸಿದರು. ಘಟ್ಟದ ಹಾದಿಯಲ್ಲಿ ಬಸ್ಸು ಓಡಬೇಕಾದರೆ ಸ್ಪ್ರಿಂಗ್ ಬೇಕು; ಬಸ್ಸು ಓಡಿದರೆ ಪೇಟೆಗೆ ಸಾಮಾನು ಬರುತ್ತದೆ; ಸಾಮಾನು ಬಂದರೆ ಅಂಗಡಿಯವನಿಗೆ ಸಾಲ ಬೇಕು; ಅವನ ಜಾಹೀರಾತಿಗೆ ಪತ್ರಿಕೆ ಬೇಕು. ಡಾಕ್ಟರ್ ಟಿ.ಎಂ.ಎ. ಪೈಗಳು ಇನ್ನೊಂದು ಬದಿಯಿಂದ ಹೊರಟರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿ, ಉಡುಪಿಯ ಪಕ್ಕದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನೂ ನಾಲ್ಕು ವರ್ಷಗಳ ಮೇಲೆ ಇಂಜಿನಿಯರಿಂಗ್ ಕಾಲೇಜನ್ನೂ ತೆರೆದರು. ಮಣಿಪಾಲ ಬೆಳೆಯಿತು. ಖಾಸಗಿಯಾಗಿ ದುಡ್ಡು ಪಡೆದು ಡಾಕ್ಟರುಗಳನ್ನು ತಯಾರಿಸುವ ಪದ್ಧತಿಯ ಬಗ್ಗೆ ಅಂದಿನಿಂದ ಇಂದಿನವರೆಗೂ ವಾದವಿದೆ, ಇರಬೇಕಾದದ್ದೇ. ಬ್ಯಾಂಕು, ಕಾಲೇಜು, ಆಸ್ಪತ್ರೆ, ಬಾಡಿಗೆ ಮನೆ, ಊಟದ ಮೆಸ್ಸು ಒಂದರ ಗಿರಾಕಿ ಇನ್ನೊಂದಾಗಿ ಒಂದೇ ಗುಡ್ಡದ ಮೇಲೆ ನೆಲೆಯೂರಿದ್ದಂತೂ ಕಣ್ಣೆದುರಿಗಿದೆ. 1964ರಲ್ಲಿ ಬ್ಯಾಂಕು ತನ್ನ ಹೆಸರನ್ನು ಸಿಂಡಿಕೇಟ್ ಬ್ಯಾಂಕ್ ಎಂದು ಚಿಕ್ಕದು ಮಾಡಿಕೊಂಡಿತು. ಅದರ ಪ್ರಧಾನ ಕಚೇರಿಯೂ ಮಣಿಪಾಲಕ್ಕೆ ಬಂತು.

ಊರು ಬಿಟ್ಟುಹೋದವರು ಈ ಬಳಗದ ಇನ್ನೊಂದು ತುದಿ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫನ್ ರೂಮ್ಸ್ ಎಂದು ಹೆಸರಾಯಿತು. ಉಡುಪಿ ಕಡೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬಯಿಯ ಮಾಟುಂಗ, ಕೋಟೆ ಭಾಗಗಳಲ್ಲಿ ಕರಾವಳಿಯ ಹುಡುಗರು ಹಗಲು ತಟ್ಟೆ ತೊಳೆದು ರಾತ್ರಿಶಾಲೆಗೆ ಹೋದರು. ಊರಿನ ಮನೆಗೆ ದುಡ್ಡು ಕಳಿಸಲು, ಸ್ವಂತ ಹೋಟೆಲು ಹಾಕುವ ದಿನಕ್ಕೆಂದು ಉಳಿಸಲು ಅವರಿಗೆ ತಮ್ಮ ಮಾತು ಬಲ್ಲ ಬ್ಯಾಂಕು ಬೇಕಿತ್ತು; ಬ್ಯಾಂಕುಗಳಿಗೆ ಜಿಲ್ಲೆಯ ಹೊರಗೆ ಕಾಲಿಡಲು ಗೊತ್ತಿರುವ ಮುಖಗಳು ಬೇಕಿದ್ದವು. ದೂರದ ಊರುಗಳಲ್ಲಿ ತುಳುನಾಡಿನವರ ಹೋಟೆಲುಗಳಿರುವ ಬೀದಿಗಳ ಆಸುಪಾಸಿನಲ್ಲೇ ತುಳುನಾಡಿನ ಬ್ಯಾಂಕಿನ ಬೋರ್ಡುಗಳೂ ಕಾಣುತ್ತಿದ್ದದ್ದು ಇದರಿಂದಲೇ.

ಸಾಲ ಕೇಳಲು ಬಂದವನಿಗೆ ಲೆಕ್ಕ ತೋರಿಸು ಎನ್ನುತ್ತಿದ್ದ ಈ ಬ್ಯಾಂಕುಗಳು ತಾವೂ ಲೆಕ್ಕ ತೋರಿಸಬೇಕಾದ ದಿನ ಬಂತು. 1935ರಲ್ಲಿ ರಿಸರ್ವ್ ಬ್ಯಾಂಕು ಕೆಲಸ ಆರಂಭಿಸಿದಾಗ ಷೆಡ್ಯೂಲ್ಡ್ ಬ್ಯಾಂಕೆಂಬ ಹೆಸರಿಗೆ ಬಂಡವಾಳ, ಮೀಸಲು ನಿಧಿ ಸೇರಿ ಕನಿಷ್ಠ 5 ಲಕ್ಷ ರೂಪಾಯಿ ಇರಬೇಕೆಂದು ಗೊತ್ತುಮಾಡಲಾಯಿತು. ಎಂಟು ಸಾವಿರದಲ್ಲಿ ಹುಟ್ಟಿದ ಸಂಸ್ಥೆಗಳಿಗೆ ಇದು ಎತ್ತರದ ಮೆಟ್ಟಿಲು. 1938ರಲ್ಲಿ ತಿರುವಾಂಕೂರಿನ ಟ್ರಾವಂಕೂರ್ ನ್ಯಾಷನಲ್ ಆ್ಯಂಡ್ ಕ್ವಿಲಾನ್ ಬ್ಯಾಂಕು ಬಾಗಿಲು ಮುಚ್ಚಿದಾಗ ದಕ್ಷಿಣದ ಸಣ್ಣ ಬ್ಯಾಂಕುಗಳ ಮೇಲೆಲ್ಲ ಅನುಮಾನ ಬಿತ್ತು. 1949ರ ಬ್ಯಾಂಕಿಂಗ್ ಕಾಯಿದೆ ಲೈಸೆನ್ಸ್ ಮತ್ತು ತಪಾಸಣೆಯನ್ನು ತಂದಿತು. ಪರಿಚಯದ ಮೇಲೆ, ಬಾಯಿಮಾತಿನ ಮೇಲೆ ಕೊಟ್ಟ ಸಾಲಗಳಿಗೆ ಈಗ ಕಾಗದ ಬೇಕಾಯಿತು. ವಿಜಯಾ ಬ್ಯಾಂಕು ಷೆಡ್ಯೂಲ್ಡ್ ಆಗುವ ಹೊತ್ತಿಗೆ 1958 ಆಗಿತ್ತು. ಹುಟ್ಟಿ ಇಪ್ಪತ್ತೇಳು ವರ್ಷ.

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಿದ್ದಿತು. ಸರ್ಕಾರ ಎಚ್ಚೆತ್ತು ದುರ್ಬಲ ಬ್ಯಾಂಕುಗಳನ್ನು ಬಲವಾದವುಗಳೊಳಗೆ ಸೇರಿಸುವ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟಿತು. ಮುಂದಿನ ಏಳೆಂಟು ವರ್ಷ ವಿಲೀನಗಳ ಸುಗ್ಗಿ. ಮಂಗಳೂರಿನ ಕ್ಯಾಥೊಲಿಕ್ ಬ್ಯಾಂಕ್ ಸಿಂಡಿಕೇಟಿನೊಳಗೆ ಹೋಯಿತು. ಮಧುರೆಯ ಪಾಂಡ್ಯನ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಬಂತು. ಮೂಲ್ಕಿ ಸುಂದರರಾಮ ಶೆಟ್ಟರ ನಾಯಕತ್ವದಲ್ಲಿ ವಿಜಯಾ ಬ್ಯಾಂಕ್ 1963ರಿಂದ 68ರೊಳಗೆ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಕರ್ನಾಟಕ ಬ್ಯಾಂಕಿನೊಳಗೆ ಶೃಂಗೇರಿ ಶಾರದಾ ಬ್ಯಾಂಕ್, ಚಿತ್ರದುರ್ಗ ಬ್ಯಾಂಕ್, ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ನಾಟಕ ಕೂಡಿದವು. ಜಾತಿಯ ಬ್ಯಾಂಕೆಂಬ ಹಳೆಯ ಚೌಕಟ್ಟು ಸಡಿಲವಾದದ್ದು ಉಪದೇಶದಿಂದಲ್ಲ, ಈ ವಿಲೀನಗಳಿಂದ. ಪಾಂಡ್ಯನ್ ಬ್ಯಾಂಕಿನ ತಮಿಳು ಗಿರಾಕಿಯ ಅಜ್ಜ ಯಾರೆಂದು ಮಂಗಳೂರಿನ ಡೈರೆಕ್ಟರಿಗೆ ಹೇಗೆ ಗೊತ್ತಿರಬೇಕು? ಅವನ ಕಾಗದವನ್ನು ಓದಲೇಬೇಕಾಯಿತು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಇದ್ದವು. 1980ರಲ್ಲಿ ಸೇರಿದ ಆರರಲ್ಲಿ ಕಾರ್ಪೊರೇಷನ್ (ಹಾಜಿ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಬ್ಯಾಂಕಿನ ನಂತರದ ಹೆಸರು) ಮತ್ತು ವಿಜಯಾ. ದೇಶದ ಇಪ್ಪತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ನಾಲ್ಕು ಒಂದೇ ಜಿಲ್ಲೆಯವು. ಈ ಹೆಮ್ಮೆಯ ಮಾತು ಕರಾವಳಿಯ ಸಭೆಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿದೆ. ಅಷ್ಟಾಗಿ ಬಳಕೆಯಾಗದ ಮಾತೆಂದರೆ, ರಾಷ್ಟ್ರೀಕರಣದ ಐದು ವರ್ಷಗಳ ನಂತರ ಬಂದ ಇನ್ನೊಂದು ಕಾನೂನು ಸಾಲ ಪಡೆಯುವವರ ಸಾಲನ್ನೇ ಬದಲಿಸಿತು ಎಂಬುದು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ಉಳುವವನೇ ಹೊಲದೊಡೆಯನಾಗಲು ಅರ್ಜಿ ಹಾಕಬೇಕಿತ್ತು. ಕರಾವಳಿಯ ಹಿರಿಯರು ಇವತ್ತಿಗೂ 'ಡಿಕ್ಲರೇಷನ್ ಕೊಟ್ಟ ವರ್ಷ' ಎಂದೇ ಅದನ್ನು ನೆನೆಯುತ್ತಾರೆ. ಧಣಿಯ ಅಂಗಳದಲ್ಲಿ ನಿಂತಿದ್ದ ಒಕ್ಕಲಿನವನ ಕೈಗೆ ಪಹಣಿ ಬಂತು. ಅದನ್ನು ಹಿಡಿದು ಅವನು ಬ್ಯಾಂಕಿಗೆ ಹೋದ: ಪಂಪ್‌ಸೆಟ್ಟಿಗೆ, ಅಡಿಕೆ ತೋಟಕ್ಕೆ, ಮಗನ ಆಟೋರಿಕ್ಷಾಕ್ಕೆ. ಅರ್ಧ ಶತಮಾನ ಬ್ಯಾಂಕಿನ ಬಾಗಿಲ ಹೊರಗಿದ್ದ ಬಿಲ್ಲವರ, ಕುಲಾಲರ ಮನೆಗಳಿಂದ ಸಣ್ಣ ಉದ್ಯಮಗಳು ಮೇಲೆದ್ದದ್ದಕ್ಕೆ ಪಿಗ್ಮಿ ಎಷ್ಟು ಕಾರಣವೋ ಈ ಕಾನೂನೂ ಅಷ್ಟೇ ಕಾರಣ. ಬ್ಯಾಂಕುಗಳ ಚರಿತ್ರೆ ಬರೆಯುವವರು ಇದನ್ನು ಭೂಸುಧಾರಣೆಯ ಅಧ್ಯಾಯಕ್ಕೆ ಬಿಟ್ಟುಬಿಡುತ್ತಾರೆ. ಸಾಲ ಪಡೆದವನ ಮನೆಯಲ್ಲಿ ಈ ಎರಡೂ ಒಂದೇ ಅಧ್ಯಾಯ.

ಸಾಲ ಸುಲಭವಾದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂಬ ಭಾವನೆಗೆ ಮಲ್ಪೆ, ಗಂಗೊಳ್ಳಿಗಳ ಕಡಲತೀರದಲ್ಲಿ ಅದೇ ದಶಕದಲ್ಲಿ ಪೆಟ್ಟು ಬಿತ್ತು. ಅಲ್ಲಿಯವರೆಗೆ ಬಂಗುಡೆ, ಬೂತಾಯಿ ಹಿಡಿಯುತ್ತಿದ್ದುದು ರಂಪಣಿಯಲ್ಲಿ. ದೋಣಿಯಲ್ಲಿ ಬಲೆಯನ್ನು ಒಯ್ದು ಮೀನಿನ ಗುಂಪಿನ ಸುತ್ತ ಬಿಟ್ಟು, ದಡದಲ್ಲಿ ಎರಡೂ ಬದಿ ಸಾಲುಗಟ್ಟಿ ನಿಂತ ಹತ್ತಾರು ಮಂದಿ ಗಂಟೆಗಟ್ಟಲೆ ಎಳೆಯುತ್ತಿದ್ದ ದೈತ್ಯ ಬಲೆ ಅದು. ಹಿಡಿದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಬಲೆಯ ತುಂಡು ತಂದವನಿಗೊಂದು ಪಾಲು, ಮೈಬಲ ತಂದವನಿಗೊಂದು. ಎಪ್ಪತ್ತರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದವು. ಯಂತ್ರದ ದೋಣಿ ಮೀನು ದಡಕ್ಕೆ ಬರುವವರೆಗೆ ಕಾಯುವುದಿಲ್ಲ, ತಾನೇ ಹೋಗಿ ಸುತ್ತುವರಿಯುತ್ತದೆ. ಬ್ಯಾಂಕುಗಳು ಸಾಲ ಕೊಟ್ಟವು. ರಂಪಣಿಯ ಪಾಲುದಾರರೇ ಗುಂಪು ಕಟ್ಟಿಕೊಂಡು ದೋಣಿ ಕೊಂಡರು. ಕೆಲವೇ ವರ್ಷಗಳಲ್ಲಿ ರಂಪಣಿ ಹೆಚ್ಚುಕಡಿಮೆ ನಿಂತೇಹೋಯಿತು. ಗುಂಪಿನಲ್ಲಿ ಷೇರು ಪಡೆದವರು ಮಾಲೀಕರಾದರು, ಬಂದರಿನಲ್ಲಿ ಐಸ್ ಫ್ಯಾಕ್ಟರಿ, ಮೀನೆಣ್ಣೆ ಘಟಕಗಳೆಂದು ವ್ಯವಹಾರ ಬೆಳೆಯಿತು. ಮೈಬಲವೊಂದನ್ನೇ ತಂದು ಪಾಲು ಪಡೆಯುತ್ತಿದ್ದವನು ದೋಣಿಯಲ್ಲಿ ಕೂಲಿಯಾದ, ಇಲ್ಲವೇ ದಡದಲ್ಲೇ ಉಳಿದ. ಸಾಲದ ಅರ್ಜಿಯಲ್ಲಿ ಮೈಬಲ ಬರೆಯುವ ಕಾಲಂ ಇರಲಿಲ್ಲ.

ಸಾಲ ಕೊಡುವ ಮುಂಚೆ ಪಡೆಯುವವನನ್ನು ಸಜ್ಜು ಮಾಡಬೇಕು ಎಂಬ ವಿಚಾರಕ್ಕೆ ಒಂದು ಸಂಸ್ಥೆಯ ರೂಪ ಬಂದದ್ದು 1982ರಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಈ ಮೂರೂ ಸೇರಿ ಕಟ್ಟಿದ್ದೇ ರುಡ್‌ಸೆಟ್. ಹಳ್ಳಿಯ ನಿರುದ್ಯೋಗಿ ಹುಡುಗರನ್ನು ಊಟ, ವಸತಿ ಕೊಟ್ಟು ಕೆಲವು ವಾರ ಇರಿಸಿಕೊಂಡು ಕಸುಬು ಕಲಿಸುವುದು: ಮೋಟಾರು ರಿವೈಂಡಿಂಗ್, ಬೈಕ್ ರಿಪೇರಿ, ಹೈನುಗಾರಿಕೆ, ಟೈಲರಿಂಗ್, ಫೋಟೊಗ್ರಫಿ. ಶುಲ್ಕವಿಲ್ಲ. ಆದರೆ ಕಸುಬು ಕಲಿಸುವ ಐಟಿಐಗಳು ಮೊದಲೇ ಇದ್ದವು. ರುಡ್‌ಸೆಟ್ ಅದಕ್ಕೆ ಕೂಡಿಸಿದ್ದು ಪೇಟೆಯ ಸಮೀಕ್ಷೆ, ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಅಭ್ಯಾಸ, ಬ್ಯಾಂಕ್ ಮ್ಯಾನೇಜರನ ಮುಂದೆ ಕೂತು ಮಾತಾಡುವ ಧೈರ್ಯ. ತರಬೇತಿ ಮುಗಿಸಿದವನನ್ನು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುವ ಪದ್ಧತಿಯೂ ಇತ್ತು: ಅಂಗಡಿ ತೆರೆದನೇ? ಸಾಲ ಸಿಕ್ಕಿತೇ? ಸಿಗದಿದ್ದರೆ ಯಾಕೆ?

ಈ ಏರ್ಪಾಟಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಲಾಭವಿತ್ತು, ಅದಕ್ಕೇ ಅದು ನಿಂತಿತು. ಬ್ಯಾಂಕಿಗೆ ತರಬೇತಿ ಪಡೆದ ಗಿರಾಕಿ ಸಿಕ್ಕಿದ; ಹುಡುಗನಿಗೆ ಶಿಫಾರಸಿನ ಬಲ ಸಿಕ್ಕಿತು; ಮನೆಯವರಿಗೆ ಧರ್ಮಸ್ಥಳದ ಹೆಸರಿರುವ ಕಡೆ ಮಗನನ್ನು ಕಳಿಸುವ ನೆಮ್ಮದಿ. ಜಾತಿಯ ಪರಿಚಯ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಪಿಗ್ಮಿ ಕಾರ್ಡು ಮಾಡಿತ್ತು. ಈಗ ಒಂದು ಸರ್ಟಿಫಿಕೇಟು ಮಾಡತೊಡಗಿತು. 2009ರ ಸುಮಾರಿಗೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಎತ್ತಿಕೊಂಡು ಜಿಲ್ಲೆಗೊಂದರಂತೆ ಆರ್‌ಸೆಟಿಗಳನ್ನು ತೆರೆಯಲು ಬ್ಯಾಂಕುಗಳಿಗೆ ಸೂಚಿಸಿತು. ಈಗ ದೇಶದಲ್ಲಿ ಅವು ಐನೂರಕ್ಕೂ ಹೆಚ್ಚಿವೆ.

ಜಿಲ್ಲೆಯ ಹಳೆಯ ಹೆಸರುಗಳು ಮಾತ್ರ ಒಂದೊಂದಾಗಿ ಬೋರ್ಡಿನಿಂದ ಇಳಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿದವು. ಲಾಭದಲ್ಲಿದ್ದ ವಿಜಯಾ ಬ್ಯಾಂಕನ್ನು ಯಾಕೆ ಕರಗಿಸಬೇಕು ಎಂದು ಮಂಗಳೂರಿನಲ್ಲಿ ಪ್ರತಿಭಟನೆಗಳಾದವು, ಜಾಲತಾಣಗಳಲ್ಲಿ ಕೋಪ ಹರಿಯಿತು, ತೀರ್ಮಾನ ಬದಲಾಗಲಿಲ್ಲ. 1906ರಲ್ಲಿ ಹುಟ್ಟಿದ ಕೆನರಾ ಇನ್ನೂ ತನ್ನ ಹೆಸರಿನಲ್ಲೇ ಇದೆ, ಪ್ರಧಾನ ಕಚೇರಿ ಬೆಂಗಳೂರಿನಲ್ಲಿ. ರಾಷ್ಟ್ರೀಕರಣದ ಎರಡೂ ಸುತ್ತಿನಿಂದ ಹೊರಗುಳಿದ ಕರ್ನಾಟಕ ಬ್ಯಾಂಕ್ 2024ರಲ್ಲಿ ನೂರು ತುಂಬಿಸಿಕೊಂಡು ಮಂಗಳೂರಿನಲ್ಲೇ ಇದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ನಾಣ್ಯಗಳ ಮ್ಯೂಸಿಯಂ ಆಗಿದೆ.

ಪಿಗ್ಮಿ ಈಗ ಹೆಚ್ಚಾಗಿ ಕಾಣುವುದು ಸಹಕಾರಿ ಸೊಸೈಟಿಗಳಲ್ಲಿ. ಕಲೆಕ್ಟರಿನ ಕೈಯಲ್ಲಿ ಕಾರ್ಡಿನ ಬದಲು ರಸೀದಿ ಹೊರಬರುವ ಪುಟ್ಟ ಯಂತ್ರವಿದೆ. ಯುಪಿಐ ಬಂದ ಮೇಲೆ ಅಂಗಡಿಯವರು ಕೂತಲ್ಲಿಂದಲೇ ದುಡ್ಡು ಕಳಿಸಬಹುದು, ಕೆಲವರು ಕಳಿಸುತ್ತಾರೆ ಕೂಡ. ಆದರೂ ಮಧ್ಯಾಹ್ನದ ಹೊತ್ತಿಗೆ ಅವನು ಬರುತ್ತಾನೆ, ಎರಡು ಮಾತಾಡುತ್ತಾನೆ, ಪಕ್ಕದ ಬೇಕರಿ ನಾಲ್ಕು ದಿನದಿಂದ ಯಾಕೆ ಮುಚ್ಚಿದೆ ಎಂದು ವಿಚಾರಿಸುತ್ತಾನೆ. ಸೊಸೈಟಿಯ ಸಾಲದ ಕಮಿಟಿ ಕೂತಾಗ ಸಿಬಿಲ್ ಸ್ಕೋರಿನ ಪ್ರಿಂಟ್‌ಔಟ್ ಮೇಜಿನ ಮೇಲಿರುತ್ತದೆ, ಬೇಕರಿಯವನ ಅರ್ಜಿ ಬಂದರೆ ಕಲೆಕ್ಟರನ್ನೂ ಒಮ್ಮೆ ಒಳಗೆ ಕರೆದು ಕೇಳುತ್ತಾರೆ.